ಪುಲಕೇಶಿಯ ಇಬ್ಬರು ವೈರಿಗಳು, ಎರಡು ನಗೆನಾಟಕಗಳು

ನ್ಯೂಜೆರ್ಸಿಯ ಪ್ರೌಢಶಾಲೆಯೊಂದರ ಸಭಾಂಗಣವನ್ನು ಒಂದು ಸಂಜೆಯ ಮಟ್ಟಿಗೆ ಬಾಡಿಗೆಗೆ ಹಿಡಿದು ನಾವು ನಡೆಸುವ ರಾಜ್ಯೋತ್ಸವಗಳಲ್ಲಿ ಇಮ್ಮಡಿ ಪುಲಕೇಶಿಯು ರಂಗಕ್ಕೆ ಬಾರದ ವರ್ಷ ವಿರಳ. ಇಲ್ಲಿಯೇ ಹುಟ್ಟಿ ಬೆಳೆದ ಹನ್ನೆರಡು ವರ್ಷದ ಹುಡುಗನೊಬ್ಬ ಚಿನ್ನದ ಬಣ್ಣದ ಕಾಗದ ಅಂಟಿಸಿದ ರಟ್ಟಿನ ಕಿರೀಟವನ್ನು ಧರಿಸಿ, ತಾಯಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಕನ್ನಡದ ಮಾತುಗಳನ್ನು ಉರುಹೊಡೆದು, ಉತ್ತರಾಪಥದ ಹರ್ಷನನ್ನು ನರ್ಮದೆಯಿಂದಾಚೆಗೆ ಹಿಮ್ಮೆಟ್ಟಿಸುತ್ತಾನೆ. ಅನಂತರ ದಕ್ಷಿಣಕ್ಕೆ ತಿರುಗಿ ಕಾಂಚಿಯ ಪಲ್ಲವನನ್ನು ಕೋಟೆಯೊಳಕ್ಕೆ ಅಟ್ಟುತ್ತಾನೆ. ಸಭೆಯಲ್ಲಿ ಕರತಾಡನವಾಗುತ್ತದೆ. 1967ರ ‘ಇಮ್ಮಡಿ ಪುಲಿಕೇಶಿ’ ಚಿತ್ರದಲ್ಲಿ ರಾಜಕುಮಾರ್ ಅವರನ್ನು ಕಂಡು ಬೆಳೆದ ನನ್ನಂಥವರ ಕಣ್ಣು ತುಸು ಒದ್ದೆಯಾಗುವುದೂ ಉಂಟು.

ಸೋತ ಇಬ್ಬರನ್ನು ಮಾತ್ರ ನಾವು ಬೇಗ ಮರೆತುಬಿಡುತ್ತೇವೆ. ರಂಗದ ಬದಿಗೆ ಓಡಿದ ಹರ್ಷನೂ ಪಲ್ಲವನೂ ಪರದೆಯ ಹಿಂದೆ ಕಿರೀಟ ಕಳಚಿ ಒಂದೇ ತಟ್ಟೆಯಿಂದ ಬೋಂಡ ತಿನ್ನುತ್ತಿರುತ್ತಾರೆ. ಆದರೆ ಚರಿತ್ರೆಯು ಅವರನ್ನು ಅಷ್ಟು ಸುಲಭವಾಗಿ ಕಳುಹಿಸಿಕೊಟ್ಟಿಲ್ಲ. ಏಕೆಂದರೆ ಆ ಇಬ್ಬರು ಅರಸರೂ ನಾಟಕಕಾರರೆಂದು ಹೆಸರು ಪಡೆದವರು. ಹರ್ಷವರ್ಧನನ ಹೆಸರಿನಲ್ಲಿ ‘ರತ್ನಾವಳಿ’ ಎಂಬ ನಾಟಿಕೆಯೂ ಪಲ್ಲವ ಮಹೇಂದ್ರವರ್ಮನ ಹೆಸರಿನಲ್ಲಿ ‘ಮತ್ತವಿಲಾಸ’ ಎಂಬ ಪ್ರಹಸನವೂ ನಮಗೆ ಉಳಿದು ಬಂದಿವೆ. ಎರಡೂ ಏಳನೆಯ ಶತಮಾನದವು, ಎರಡೂ ನಗೆನಾಟಕಗಳು. ಕನ್ನಡ ನಾಡಿನ ಒಬ್ಬನೇ ಅರಸನು ಕಾದಿದ ಇಬ್ಬರು ಪ್ರತಿಸ್ಪರ್ಧಿಗಳೂ ಲೋಕವನ್ನು ನಗಿಸಲು ಲೇಖನಿ ಹಿಡಿದರೆಂಬುದು ಚರಿತ್ರೆಯ ಸ್ವಾರಸ್ಯಗಳಲ್ಲಿ ಒಂದು.

ಈ ಸ್ವಾರಸ್ಯವು ನನ್ನ ಪಾಲಿಗೆ ಚರ್ಚೆಯ ವಸ್ತುವಾದದ್ದು ಕೆಲವು ವರ್ಷಗಳ ಹಿಂದೆ, ಎಡಿಸನ್ ಊರಿನ ಮಿತ್ರರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಯುಗಾದಿಗೆ ಯಾವ ನಾಟಕವಾಡಬೇಕೆಂಬ ಮಾತು ನಡೆದಿತ್ತು. ಕೈಲಾಸಂ ಆಗಿದೆ, ಪರ್ವತವಾಣಿ ಆಗಿದೆ, ಹೊಸದೇನಾದರೂ ಬೇಕು ಎಂದರು ಒಬ್ಬರು. ಹೊಸದು ಬೇಕೆಂದು ಹೊರಟವರು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಎರಡು ನಾಟಕಗಳ ಮುಂದೆ ಬಂದು ನಿಂತೆವು. ಮನೆಯೊಡತಿ ‘ರತ್ನಾವಳಿ’ಯ ಪರ; ನಾನು ‘ಮತ್ತವಿಲಾಸ’ದ ಪರ. “ರಾಯರೇ, ಬರೀ ಹಟ ಬೇಡ, ಕಾರಣ ಕೊಡಿ” ಎಂದರು ಆಕೆ. ಅಂದು ನಾನು ಕೊಟ್ಟ ಕಾರಣಗಳು ಅರೆಬೆಂದವು. ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ಅವನ್ನು ಪೂರ್ತಿ ಬೇಯಿಸಿ ಬಡಿಸುವ ಪ್ರಯತ್ನ ಮಾಡಿದ್ದೇನೆ.

ಐಹೊಳೆಯ ಕಲ್ಲು ಹೇಳುವುದು

ಮೊದಲು ಯುದ್ಧದ ಕಡತವನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಮೇಗುಟಿ ಎಂಬ ಜಿನಾಲಯವು ಗುಡ್ಡದ ಮೇಲೆ ನಿಂತಿದೆ. ಅದರ ಗೋಡೆಯಲ್ಲಿ ರವಿಕೀರ್ತಿಯು ರಚಿಸಿದ ಸಂಸ್ಕೃತ ಶಾಸನವಿದೆ. ಶಕವರ್ಷ 556, ಅಂದರೆ ಕ್ರಿ.ಶ. 634-35ರ ಕಾಲದ್ದು. ತನ್ನನ್ನು ಕಾಳಿದಾಸ ಭಾರವಿಗಳ ಸಾಲಿಗೆ ಸೇರಿಸಿಕೊಳ್ಳಲು ಹಿಂಜರಿಯದ ಈ ಕವಿಯು ಪುಲಕೇಶಿಯ ದಿಗ್ವಿಜಯವನ್ನು ಹಾಡುವಾಗ ಹರ್ಷನ ಹೆಸರಿನ ಮೇಲೆ ಶ್ಲೇಷೆ ಮಾಡುತ್ತಾನೆ: ಹರ್ಷನು ಹರ್ಷವನ್ನು ಕಳೆದುಕೊಂಡನೆಂಬುದು ಅದರ ತಾತ್ಪರ್ಯ. ಪಲ್ಲವರ ಒಡೆಯನು ಕಾಂಚೀಪುರದ ಪ್ರಾಕಾರದ ಮರೆಗೆ ಸರಿದನೆಂದೂ ಹೇಳುತ್ತಾನೆ. ಶಾಸನವು ಆ ಪಲ್ಲವನ ಹೆಸರನ್ನು ಎತ್ತುವುದಿಲ್ಲ. ಅವನು ಮಹೇಂದ್ರವರ್ಮನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ನಗೆನಾಟಕ ಬರೆದ ಇಬ್ಬರನ್ನು ಕುರಿತು ಗೆದ್ದವನ ಆಸ್ಥಾನ ಕವಿಯೂ ಒಂದು ನಗೆಚಾಟಿಕೆಯನ್ನೇ ಹಾರಿಸಿದನೆನ್ನಬೇಕು.

ಗೆಲುವು ಶಾಶ್ವತವಾಗಲಿಲ್ಲ. ಮಹೇಂದ್ರವರ್ಮನ ಮಗ ನರಸಿಂಹವರ್ಮನು 642ರಲ್ಲಿ ಬಾದಾಮಿಯನ್ನು ಹಿಡಿದು ‘ವಾತಾಪಿಕೊಂಡ’ನೆನಿಸಿಕೊಂಡನು. ಪುಲಕೇಶಿಯ ಅಂತ್ಯವೂ ಅದೇ ಸಮಯದಲ್ಲಿ ಆಯಿತೆಂದು ತಿಳಿಯುತ್ತಾರೆ. ನಮ್ಮ ರಟ್ಟಿನ ಕಿರೀಟದ ನಾಟಕಗಳು ಈ ಭಾಗಕ್ಕೆ ಬರುವ ಮೊದಲೇ ಪರದೆ ಬೀಳುವುದು ವಾಡಿಕೆ. ಚಾಲುಕ್ಯರ ಮನೆಯಲ್ಲಿಯೂ ಸಾಹಿತ್ಯಕ್ಕೆ ಬರವಿರಲಿಲ್ಲ. ಪುಲಕೇಶಿಯ ಸೊಸೆ, ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆಯು ಸ್ವತಃ ದಾನಶಾಸನಗಳನ್ನು ಹೊರಡಿಸಿದವಳು. ಸಂಸ್ಕೃತ ಕವಯಿತ್ರಿ ವಿಜ್ಜಿಕೆಯು ಇವಳೇ ಎಂದು ಊಹಿಸುವ ವಿದ್ವಾಂಸರುಂಟು. ಆದರೂ ಪುಲಕೇಶಿಯ ಹೆಸರಿನ ನಾಟಕವೊಂದು ನಮಗೆ ದೊರೆತಿಲ್ಲ. ಗೆದ್ದವನದು ಕಲ್ಲಿನಲ್ಲಿ ಉಳಿಯಿತು, ಸೋತವರದು ಮಾತಿನಲ್ಲಿ.

ಹರ್ಷನ ರತ್ನಾವಳಿ

ಈಗ ಉತ್ತರದ ನಾಟಕ. ಹರ್ಷನು 606ರಿಂದ 647ರವರೆಗೆ ಆಳಿದ ದೊರೆ. ಬಾಣಭಟ್ಟನಿಗೂ ಚೀನಾ ಯಾತ್ರಿಕ ಹ್ಯೂಯೆನ್ ತ್ಸಾಂಗನಿಗೂ ಆಶ್ರಯದಾತ. ‘ರತ್ನಾವಳಿ’, ‘ಪ್ರಿಯದರ್ಶಿಕೆ’, ‘ನಾಗಾನಂದ’ ಎಂಬ ಮೂರು ರೂಪಕಗಳು ಅವನ ಹೆಸರಿನಲ್ಲಿವೆ. ಧಾವಕನೆಂಬ ಕವಿಯು ಹರ್ಷನಿಂದ ಹಣ ಪಡೆದನೆಂಬ ಮಾತು ಮಮ್ಮಟನ ‘ಕಾವ್ಯಪ್ರಕಾಶ’ದಲ್ಲಿ ಬರುವುದರಿಂದ, ದೊರೆಯ ನಾಟಕವನ್ನು ಆಸ್ಥಾನ ಕವಿಗಳೇ ಬರೆದುಕೊಟ್ಟರೇ ಎಂಬ ಹಳೆಯ ಸಂಶಯವೂ ಇದೆ. ಅದೇನೇ ಇರಲಿ, ‘ರತ್ನಾವಳಿ’ಯ ಕಟ್ಟಡ ಮಾತ್ರ ಅಚ್ಚುಕಟ್ಟು. ನಾಟಿಕೆಯ ಲಕ್ಷಣವನ್ನು ವಿವರಿಸಲು ಹೊರಟ ಹಿಂದಿನ ಲಾಕ್ಷಣಿಕರು ಮತ್ತೆ ಮತ್ತೆ ಇದರಿಂದಲೇ ಉದಾಹರಣೆ ಎತ್ತಿದರು.

ಕಥೆ ನಾಲ್ಕು ಅಂಕಗಳದು. ಸಿಂಹಳದ ರಾಜಕುಮಾರಿ ರತ್ನಾವಳಿಯ ಕೈಹಿಡಿದವನು ಸಾರ್ವಭೌಮನಾಗುವನೆಂಬ ಭವಿಷ್ಯವಾಣಿಯಿದೆ. ಕೌಶಾಂಬಿಯ ಉದಯನನ ಮಂತ್ರಿ ಯೌಗಂಧರಾಯಣನು ಅವಳನ್ನು ತನ್ನ ಒಡೆಯನಿಗೆ ತರಿಸುವ ಹಂಚಿಕೆ ಹೂಡುತ್ತಾನೆ. ಹಡಗು ಒಡೆಯುತ್ತದೆ. ಸಾಗರದಿಂದ ಪಾರಾಗಿ ಬಂದ ಕಾರಣ ‘ಸಾಗರಿಕೆ’ ಎಂಬ ಹೆಸರಿನಿಂದ ಅವಳು ರಾಣಿ ವಾಸವದತ್ತೆಯ ಪರಿಚಾರಿಕೆಯಾಗಿ ಅರಮನೆ ಸೇರುತ್ತಾಳೆ. ವಸಂತೋತ್ಸವದ ದಿನ ಅರಸನನ್ನು ಕಂಡು ಮನಸೋತು, ಅವನ ಚಿತ್ರ ಬರೆಯುತ್ತಾಳೆ. ಗೆಳತಿ ಸುಸಂಗತೆಯು ಪಕ್ಕದಲ್ಲಿ ಇವಳ ಚಿತ್ರವನ್ನೇ ಬರೆದುಬಿಡುತ್ತಾಳೆ. ಅಷ್ಟರಲ್ಲಿ ಲಾಯದ ಕಪಿಯೊಂದು ಕಟ್ಟು ಹರಿದುಕೊಂಡು ಓಡಿಬಂದು ಗಲಿಬಿಲಿಯೆಬ್ಬಿಸುತ್ತದೆ. ಪಂಜರದಿಂದ ಹಾರಿದ ಶಾರಿಕೆಯು ಇಬ್ಬರು ಗೆಳತಿಯರ ಗುಟ್ಟಿನ ಮಾತನ್ನು ಅರಸನ ಕಿವಿಗೆ ಬೀಳುವಂತೆ ಒದರುತ್ತದೆ. ಮೂರನೆಯ ಅಂಕದಲ್ಲಿ ಸಾಗರಿಕೆಯು ರಾಣಿಯ ವೇಷದಲ್ಲಿ ಅರಸನನ್ನು ಕಾಣಬೇಕೆಂಬ ಏರ್ಪಾಡು. ಆದರೆ ಮೊದಲು ಬರುವವಳು ನಿಜವಾದ ರಾಣಿ! ಅರಸನು ಸಾಗರಿಕೆಯೆಂದು ಬಗೆದು ತನ್ನ ಹೆಂಡತಿಗೇ ಪ್ರೇಮವನ್ನು ನಿವೇದಿಸುತ್ತಾನೆ. ರಾಣಿ ಮುಸುಕು ತೆಗೆಯುತ್ತಾಳೆ. ಸಂಸ್ಕೃತ ರಂಗಭೂಮಿಯಲ್ಲಿ ಇದಕ್ಕಿಂತ ಚೊಕ್ಕವಾದ ನಗೆಯ ಸನ್ನಿವೇಶ ಹೆಚ್ಚು ಇರಲಾರದು.

ಕೊನೆಗೆ ಐಂದ್ರಜಾಲಿಕನೊಬ್ಬನ ಮಾಯೆಯಿಂದ ಅಂತಃಪುರಕ್ಕೆ ಬೆಂಕಿ ಬಿದ್ದಂತೆ ತೋರಿ, ಸೆರೆಯಲ್ಲಿದ್ದ ಸಾಗರಿಕೆಯನ್ನು ಅರಸನು ಹೊರತರುತ್ತಾನೆ. ಸಿಂಹಳದಿಂದ ಬಂದವರು ರತ್ನಹಾರದಿಂದ ಗುರುತು ಹಿಡಿಯುತ್ತಾರೆ. ತನ್ನ ಸೋದರಮಾವನ ಮಗಳನ್ನೇ ಸೆರೆಯಲ್ಲಿಟ್ಟೆನೆಂದು ತಿಳಿದ ರಾಣಿಯು ತಾನೇ ಅವಳನ್ನು ಗಂಡನಿಗೆ ಒಪ್ಪಿಸುತ್ತಾಳೆ. ಎಲ್ಲವೂ ಸುಖಾಂತ.

ಮಹೇಂದ್ರವರ್ಮನ ಮತ್ತವಿಲಾಸ

ಇನ್ನು ದಕ್ಷಿಣದ್ದು. ಮಹೇಂದ್ರವರ್ಮನು ಏಳನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಕಾಂಚಿಯಿಂದ ಆಳಿದ ಪಲ್ಲವ ದೊರೆ. ಇಟ್ಟಿಗೆ, ಮರ, ಲೋಹ, ಗಾರೆಗಳಿಲ್ಲದೆ ಬಂಡೆಯನ್ನೇ ಕೊರೆದು ದೇವಾಲಯ ಮಾಡಿಸಿದೆನೆಂದು ಮಂಡಗಪಟ್ಟಿನ ಶಾಸನದಲ್ಲಿ ಹೆಮ್ಮೆಯಿಂದ ಹೇಳಿಕೊಂಡವನು. ‘ವಿಚಿತ್ರಚಿತ್ತ’, ‘ಗುಣಭರ’ ಎಂಬ ಬಿರುದುಗಳ ಜೊತೆಗೆ ‘ಮತ್ತವಿಲಾಸ’ ಎಂಬುದೂ ಅವನ ಬಿರುದೇ. ಈ ಪ್ರಹಸನದ ಮೂಲವನ್ನು 1917ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಅಚ್ಚು ಹಾಕಿಸಿದರು. ಕೇರಳದ ಕೂಡಿಯಾಟ್ಟದ ಚಾಕ್ಯಾರರು ಮಾತ್ರ ಅದಕ್ಕೂ ಮೊದಲಿನಿಂದ ಇದನ್ನು ತಮ್ಮ ರಂಗದಲ್ಲಿ ಉಳಿಸಿಕೊಂಡು ಬಂದಿದ್ದರು.

ಇದು ಒಂದೇ ಅಂಕದ್ದು. ಅರಮನೆಯಿಲ್ಲ, ಉದ್ಯಾನವಿಲ್ಲ, ಕಾಂಚಿಯ ಬೀದಿಯೇ ರಂಗ. ಸತ್ಯಸೋಮನೆಂಬ ಕಾಪಾಲಿಕನೂ ಅವನ ಸಂಗಾತಿ ದೇವಸೋಮೆಯೂ ಕುಡಿದು ತೂರಾಡುತ್ತ ಬರುತ್ತಾರೆ. ಹೆಂಡದಂಗಡಿಯು ಆತನ ಕಣ್ಣಿಗೆ ಯಜ್ಞಶಾಲೆಯಂತೆ ಕಾಣುತ್ತದೆ. ಇದ್ದಕ್ಕಿದ್ದಂತೆ ಅವನ ಭಿಕ್ಷಾಪಾತ್ರೆಯಾದ ಕಪಾಲ ಕಾಣೆಯಾಗುತ್ತದೆ. ಕಪಾಲವಿಲ್ಲದ ಮೇಲೆ ಕಾಪಾಲಿಕನೆಂತು? ಅದರಲ್ಲಿ ಸುಟ್ಟ ಮಾಂಸವಿತ್ತಾದ್ದರಿಂದ ಕದ್ದದ್ದು ನಾಯಿಯಾಗಿರಬೇಕು, ಇಲ್ಲವೇ ಬೌದ್ಧ ಭಿಕ್ಷುವಾಗಿರಬೇಕು ಎಂದು ಅವನ ತರ್ಕ. ಸರಿಯಾಗಿ ಆ ಹೊತ್ತಿಗೆ ನಾಗಸೇನನೆಂಬ ಭಿಕ್ಷು ಶ್ರೇಷ್ಠಿಯ ಮನೆಯಲ್ಲಿ ಉಂಡು, ಪಾತ್ರೆಯನ್ನು ಚೀವರದೊಳಗೆ ಮರೆಮಾಡಿಕೊಂಡು ಬರುತ್ತಿದ್ದಾನೆ. ಒಳ್ಳೆಯ ಊಟ, ಒಳ್ಳೆಯ ಹಾಸಿಗೆ, ತಾಂಬೂಲ ಎಲ್ಲಕ್ಕೂ ಅಪ್ಪಣೆ ಕೊಟ್ಟ ಬುದ್ಧನು ಹೆಂಡಕ್ಕೂ ಹೆಣ್ಣಿಗೂ ಏಕೆ ಕೊಡಲಿಲ್ಲ? ಕೊಟ್ಟೇ ಇರಬೇಕು, ಹೊಟ್ಟೆಕಿಚ್ಚಿನ ಮುದಿ ಸ್ಥವಿರರು ಗ್ರಂಥದಿಂದ ಆ ಭಾಗವನ್ನು ಅಳಿಸಿಹಾಕಿದ್ದಾರೆ! ಆ ಮೂಲಪಾಠವನ್ನು ಹುಡುಕಿ ತೆಗೆಯಬೇಕೆಂಬುದೇ ಅವನ ಸಂಶೋಧನೆಯ ಹಂಬಲ.

ಜಗಳ ಹತ್ತುತ್ತದೆ. ಚೌರ್ಯಶಾಸ್ತ್ರ ಬರೆದ ಖರಪಟನಿಗೆ ನಮಸ್ಕರಿಸಲು ಹೊರಟ ಕಾಪಾಲಿಕನು, ಈ ವಿಷಯದಲ್ಲಿ ಬುದ್ಧನೇ ಮಿಗಿಲೆಂದು ತಿದ್ದಿಕೊಳ್ಳುತ್ತಾನೆ. ಭಿಕ್ಷುವಿನ ಜುಟ್ಟು ಹಿಡಿದೆಳೆಯಲು ಹೋದ ದೇವಸೋಮೆಯು ಬೋಳುತಲೆಯಲ್ಲಿ ಹಿಡಿತ ಸಿಗದೆ ಮುಗ್ಗರಿಸಿ ಬೀಳುತ್ತಾಳೆ; ಕನಿಕರದಿಂದ ಅವಳನ್ನು ಎಬ್ಬಿಸಿದ ಭಿಕ್ಷುವಿನ ಮೇಲೆ ಪಾಣಿಗ್ರಹಣದ ಆರೋಪ ಬರುತ್ತದೆ. ಬಭ್ರುಕಲ್ಪನೆಂಬ ಪಾಶುಪತನು ಮಧ್ಯಸ್ಥನಾಗಿ ಬಂದು, ಹಳೆಯ ದ್ವೇಷ ತೀರಿಸಿಕೊಳ್ಳುವ ಹವಣಿನಲ್ಲಿ ಕಿಡಿಗೆ ಗಾಳಿ ಹಾಕುತ್ತಾನೆ. ಭಿಕ್ಷುವಿನ ಪಾತ್ರೆ ಕಪ್ಪು, ಕಪಾಲವೋ ಬಿಳುಪು. ಹಾಗಾದರೆ ಬಣ್ಣ ಬದಲಾಯಿಸಿದ್ದಾನೆ ಎನ್ನುತ್ತಾನೆ ಕಾಪಾಲಿಕ. ನ್ಯಾಯಸ್ಥಾನಕ್ಕೆ ಹೋಗೋಣವೆಂದರೆ ದೇವಸೋಮೆಯ ಉತ್ತರ ಮೊನಚಾದುದು: ಅನೇಕ ವಿಹಾರಗಳ ಸಂಪತ್ತುಳ್ಳ ಇವನು ಅಧಿಕಾರಿಗಳ ಬಾಯಿ ತುಂಬಿಸಬಲ್ಲ, ಹಾವಿನ ಪೊರೆ, ವಿಭೂತಿಗಳಷ್ಟೇ ಆಸ್ತಿಯಾದ ನಮಗೆ ಅಲ್ಲೇನು ನ್ಯಾಯ? ಕಟ್ಟಕಡೆಗೆ ಹುಚ್ಚನೊಬ್ಬ ಬರುತ್ತಾನೆ. ಅವನ ಕೈಯಲ್ಲಿ ಕಪಾಲವಿದೆ. ಅದನ್ನು ಅವನು ಕಸಿದುಕೊಂಡದ್ದು ನಾಯಿಯಿಂದ!

ಕದ್ದದ್ದು ನಾಯಿ, ಕಚ್ಚಾಡಿದವರು ಮನುಷ್ಯರು. ಕಾಪಾಲಿಕನು ಭಿಕ್ಷುವಿನ ಕ್ಷಮೆ ಬೇಡುತ್ತಾನೆ, ಭಿಕ್ಷುವು ಅದನ್ನು ದೊಡ್ಡದು ಮಾಡದೆ ಕ್ಷಮಿಸುತ್ತಾನೆ. ಭರತವಾಕ್ಯದೊಂದಿಗೆ ಮುಕ್ತಾಯ.

ಮೈಸೂರಿಗೂ ಮ್ಯಾನ್‌ಹಟನ್ನಿಗೂ ಬಂದ ದಾರಿ

ಎರಡು ನಾಟಕಗಳ ಮುಂದಿನ ಬಾಳು ಒಂದೇ ಸಮನಾಗಿರಲಿಲ್ಲ. ‘ರತ್ನಾವಳಿ’ಯನ್ನು ಕನ್ನಡವು ಬಲು ಬೇಗ ತನ್ನದಾಗಿಸಿಕೊಂಡಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ಆಸ್ಥಾನದಲ್ಲಿದ್ದ ಸಿಂಗರಾರ್ಯನು ಅದನ್ನು ಆಧರಿಸಿ ‘ಮಿತ್ರವಿಂದಾ ಗೋವಿಂದ’ವನ್ನು ಬರೆದನು. ಉದಯನನ ಸ್ಥಾನಕ್ಕೆ ಶ್ರೀಕೃಷ್ಣನು ಬಂದನು, ರತ್ನಾವಳಿಯ ಸ್ಥಾನಕ್ಕೆ ಮಿತ್ರವಿಂದೆ. ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಇದೇ ಅತ್ಯಂತ ಹಳೆಯದು. ಎಂದರೆ, ಪುಲಕೇಶಿಯಿಂದ ಪರಾಭವ ಹೊಂದಿದ ಹರ್ಷನ ನಗೆನಾಟಕದ ಹೊಟ್ಟೆಯಲ್ಲಿಯೇ ಕನ್ನಡದ ಮೊದಲ ಲಭ್ಯ ನಾಟಕವು ಹುಟ್ಟಿತು! ರಣರಂಗದಲ್ಲಿ ಗಡಿ ದಾಟಲಾರದವನು ರಂಗಭೂಮಿಯಲ್ಲಿ ಸಾವಿರ ವರ್ಷಗಳ ಅನಂತರ ಕಾವೇರಿಯ ತೀರವನ್ನೇ ತಲುಪಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ‘ಅಭಿನವ ಕಾಳಿದಾಸ’ ಬಸವಪ್ಪ ಶಾಸ್ತ್ರಿಗಳು ‘ರತ್ನಾವಳಿ’ಯನ್ನು ಮತ್ತೊಮ್ಮೆ ಕನ್ನಡಕ್ಕೆ ತಂದರು.

ನಾವು ನೆಲೆಸಿರುವ ಈ ಪ್ರಾಂತಕ್ಕೂ ಹರ್ಷನು ನಮಗಿಂತ ಮೊದಲೇ ಬಂದಿಳಿದಿದ್ದನೆಂಬುದನ್ನು ಬಲ್ಲವರು ಕಡಿಮೆ. ಮ್ಯಾನ್‌ಹಟನ್ನಿನ ಕೊಲಂಬಿಯಾ ವಿಶ್ವವಿದ್ಯಾನಿಲಯವು 1906ರಲ್ಲಿಯೇ ಮಾಂಟ್‌ಗಮರಿ ಸ್ಕೈಲರ್ ಅವರು ಸಿದ್ಧಪಡಿಸಿದ ಸಂಸ್ಕೃತ ನಾಟಕಗಳ ಗ್ರಂಥಸೂಚಿಯನ್ನು ಹೊರತಂದಿತು. 1923ರಲ್ಲಿ ಅದೇ ಸಂಸ್ಥೆಯಿಂದ ಹರ್ಷನ ‘ಪ್ರಿಯದರ್ಶಿಕೆ’ಯ ಇಂಗ್ಲಿಷ್ ಅನುವಾದ ಪ್ರಕಟವಾಯಿತು, ನರಿಮಾನ್, ವಿಲಿಯಮ್ಸ್ ಜ್ಯಾಕ್ಸನ್, ಆಗ್ಡನ್ ಎಂಬ ಮೂವರು ವಿದ್ವಾಂಸರ ಶ್ರಮ ಅದು. ‘ಪ್ರಿಯದರ್ಶಿಕೆ’ಯೆಂದರೆ ‘ರತ್ನಾವಳಿ’ಯ ಒಡಹುಟ್ಟು: ಅದೇ ಉದಯನ, ಅದೇ ವಾಸವದತ್ತೆ, ಅದೇ ಬಗೆಯ ಮಾರುವೇಷದ ರಾಜಕುಮಾರಿ. ಮರುವರ್ಷ, 1924ರ ಡಿಸೆಂಬರಿನಲ್ಲಿ, ಕೆಳ ಮ್ಯಾನ್‌ಹಟನ್ನಿನ ಗ್ರ್ಯಾಂಡ್ ಸ್ಟ್ರೀಟಿನಲ್ಲಿದ್ದ ನೇಬರ್‌ಹುಡ್ ಪ್ಲೇಹೌಸ್ ಎಂಬ ಪುಟ್ಟ ರಂಗಮಂದಿರದಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ಆರ್ಥರ್ ರೈಡರ್ ಅವರ ಅನುವಾದದಲ್ಲಿ ಆಡಿದರು. ಅದು ಬಡ ವಲಸಿಗರ ಪೇಟೆ. ಹಡಗಿನಿಂದಿಳಿದು ಹೊಲಿಗೆಯ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಜನರ ನೆರೆಯಲ್ಲಿ ಚಾರುದತ್ತ ವಸಂತಸೇನೆಯರು ರಂಗವೇರಿದರು. ಆ ರಂಗಮಂದಿರದ ಕಟ್ಟಡ ಇಂದಿಗೂ ಅಲ್ಲಿದೆ. ಮಕ್ಕಳನ್ನು ಟೈಮ್ಸ್ ಸ್ಕ್ವೇರಿಗೆ ಕರೆದೊಯ್ಯುವ ನಾವು ಒಮ್ಮೆ ಆ ಬೀದಿಯನ್ನೂ ತೋರಿಸಬಹುದು.

ತಕ್ಕಡಿಯಲ್ಲಿ

ಹಾಗಾದರೆ ಎರಡರಲ್ಲಿ ಯಾವುದು ಮೇಲು? ನ್ಯಾಯವಾಗಿ ತೂಗುವುದಾದರೆ ‘ರತ್ನಾವಳಿ’ಯ ತಟ್ಟೆಗೆ ಬೀಳುವ ಕಲ್ಲುಗಳು ಹಗುರವಲ್ಲ. ಕಥೆಯ ನೇಯ್ಗೆ ಬಿಗಿ. ಹೆಂಗಸರಿಗೆ ಒಳ್ಳೆಯ 4 ಪಾತ್ರಗಳಿವೆ. ಮಕ್ಕಳಿಗೆ ಕಪಿಯಿದೆ, ಶಾರಿಕೆಯಿದೆ, ಹೋಳಿಯ ಓಕುಳಿಯಂಥ ವಸಂತೋತ್ಸವವಿದೆ. ದೇವಸ್ಥಾನದ ಸಭಾಂಗಣದಲ್ಲಿ ಅಜ್ಜಿಯರ ಮುಂದೆ ನಿರ್ಭಯವಾಗಿ ಆಡಬಹುದು. ‘ಮತ್ತವಿಲಾಸ’ದಲ್ಲಿ ಹೆಂಡ, ಮಾಂಸ, ತಲೆಬುರುಡೆಗಳದೇ ಕಾರುಬಾರು, ಪರಮತದವರನ್ನು ಹಾಸ್ಯ ಮಾಡಿದನೆಂಬ ದೂರೂ ಇದೆ. ಕಾಪಾಲಿಕನು ಜೈನರನ್ನೂ ಬಿಡುವುದಿಲ್ಲ. ಐಹೊಳೆಯ ಶಾಸನ ಬರೆದ ರವಿಕೀರ್ತಿ ಜೈನನಾಗಿದ್ದನೆಂಬುದನ್ನು ನೆನೆದರೆ ಕನ್ನಡಿಗನಿಗೆ ಇದು ಚುಚ್ಚಲೂಬಹುದು.

ಇದೆಲ್ಲವನ್ನೂ ಒಪ್ಪಿ ನಾನು ಕೇಳುವ ಪ್ರಶ್ನೆ ಒಂದೇ: ನಗುವಿನ ಬೆಲೆಯನ್ನು ತೆರುವವರು ಯಾರು? ‘ರತ್ನಾವಳಿ’ಯಲ್ಲಿ ಅರಸನು ತೆರುವುದಿಲ್ಲ. ಒಂದು ಗಳಿಗೆ ಪೇಚಿಗೆ ಸಿಕ್ಕುತ್ತಾನೆ, ರಾಣಿಯ ಕಾಲಿಗೆ ಬೀಳುತ್ತಾನೆ. ಕೊನೆಯಲ್ಲಿ ಹೊಸ ಹೆಂಡತಿ, ಸಾರ್ವಭೌಮ ಪದವಿ ಎರಡೂ ಅವನ ಪಾಲಿಗೇ. ಸಾಗರಿಕೆಯು ಮರಕ್ಕೆ ಲತೆಯ ಕುಣಿಕೆ ಕಟ್ಟಿ ಪ್ರಾಣ ಬಿಡಲು ಹೊರಟವಳು. ವಾಸವದತ್ತೆಯು ತನಗಾದ ಅವಮಾನವನ್ನು ನುಂಗಿ, ತಾನೇ ಸವತಿಯ ಕೈಹಿಡಿದು ತಂದು ಒಪ್ಪಿಸಬೇಕಾದವಳು. ಎರಡು ನಾಟಕಗಳಲ್ಲಿಯೂ ಸೇರಿ ಅತ್ಯಂತ ಘನವಾದ ಪಾತ್ರ ಅವಳದೇ ಎಂದು ನನ್ನ ಮತ. ಆದರೆ ನಾಟಕವು ಅವಳ ಘನತೆಯನ್ನು ಅರಸನ ಸುಖಕ್ಕೆ ಮೆಟ್ಟಿಲಾಗಿಸಿಕೊಂಡಿದೆ. ಎಲ್ಲವೂ ಮಂತ್ರಿಯ ಹಂಚಿಕೆಯೆಂದು ತಿಳಿದ ಮೇಲೆ ನಾವು ನಕ್ಕ ನಗುವೂ ರಾಜ್ಯ ವಿಸ್ತಾರದ ಲೆಕ್ಕದಲ್ಲಿ ಜಮಾ ಆಗಿಬಿಡುತ್ತದೆ.

‘ಮತ್ತವಿಲಾಸ’ದ ದೊರೆಯು ರಂಗದ ಮೇಲೆ ಬರುವುದೇ ಇಲ್ಲ. ಬರುವುದು ಅವನ ರಾಜಧಾನಿ. ಅವನ ಬೀದಿಗಳು, ಅವನ ಹೆಂಡದಂಗಡಿಗಳು, ಅವನ ನ್ಯಾಯಸ್ಥಾನ. ಆ ನ್ಯಾಯಸ್ಥಾನದಲ್ಲಿ ಲಂಚ ನಡೆಯುತ್ತದೆಂದು ಬೀದಿಯ ಹೆಂಗಸೊಬ್ಬಳಿಂದ ಆಡಿಸಿದವನು ಅದೇ ನ್ಯಾಯಸ್ಥಾನದ ಒಡೆಯ. ಸಿಂಹಾಸನದಲ್ಲಿ ಕುಳಿತು ಆ ಮಾತನ್ನು ಬರೆಯಲು ಎಂಥ ಎದೆ ಬೇಕು! ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ನೋಡಿ ನಕ್ಕ ನಮಗೆ ಆ ಮಾತಿನ ರುಚಿ ಗೊತ್ತು, ಆದರೆ ಹಿರಣ್ಣಯ್ಯನವರು ಅಧಿಕಾರದ ಹೊರಗೆ ನಿಂತು ಮಾತನಾಡಿದರು, ಮಹೇಂದ್ರವರ್ಮನು ಒಳಗೇ ಕುಳಿತು. ಮತಗಳ ವಿಷಯಕ್ಕೆ ಬಂದರೆ, ಅವನು ಶೈವ ಶಾಸನಗಳನ್ನು ಬರೆಯಿಸಿದ ದೊರೆ. ಆದರೂ ನಾಟಕದಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಕಾಪಾಲಿಕ, ಪಾಶುಪತರೆಂಬ ಶೈವರೇ. ಬುದ್ಧನನ್ನೋ ಶಿವನನ್ನೋ ಅಲ್ಲ, ಅವರ ಹೆಸರು ಹೇಳಿ ಹೊಟ್ಟೆ ಹೊರೆಯುವವರನ್ನು ಅವನು ಹಿಡಿದು ನಿಲ್ಲಿಸಿದ್ದಾನೆ.

ನನ್ನ ಆಯ್ಕೆಗೆ ಇನ್ನೊಂದು ಕಾರಣವುಂಟು. ಅದನ್ನು ಆ ಸಂಜೆ ನಾನು ಹೇಳಲಿಲ್ಲ. ಕೂತಿದ್ದವರಿಗೆಲ್ಲ ಗೊತ್ತಿದ್ದುದರಿಂದಲೇ ಹೇಳಲು ಬಾಯಿ ಬರಲಿಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಬಳಗದ ದೀಪಾವಳಿ ಮುಗಿದ ರಾತ್ರಿ ಆಳೆತ್ತರದ ಹಿತ್ತಾಳೆ ದೀಪವೊಂದು ಕಾಣೆಯಾಯಿತು. ಸದಸ್ಯರೆಲ್ಲ ಚಂದಾ ಹಾಕಿ ಊರಿನಿಂದ ತರಿಸಿದ್ದ ದೀಪ. ಕೊನೆಗೆ ಸಭಾಂಗಣಕ್ಕೆ ಬೀಗ ಹಾಕಿಸಿ ಹೊರಟವರು ಒಬ್ಬರು ಮಿತಭಾಷಿ ಸಜ್ಜನರು. ಅವರ ವ್ಯಾನಿನಲ್ಲಿ ಏನೋ ಉದ್ದನೆಯದು ಕಂಡಿತೆಂದು ಯಾರೋ ಅಂದರು. ಮುಂದಿನ ಕೂಟದಲ್ಲಿ ಅದು ಮಾತಾಯಿತು, ಅದರ ಮುಂದಿನದರಲ್ಲಿ ಲೆಕ್ಕ ಕೇಳುವ ಪ್ರಶ್ನೆಯಾಯಿತು. ಅನುಮಾನವನ್ನು ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ನಾನೂ ಒಬ್ಬ. ಅವರು ವಾದ ಮಾಡಲಿಲ್ಲ. ಬರುವುದನ್ನು ನಿಲ್ಲಿಸಿದರು, ಅನಂತರ ಕೆಲಸ ಬದಲಾಯಿಸಿ ಟೆಕ್ಸಾಸಿಗೆ ಹೊರಟುಹೋದರು.

ಎರಡು ಚಳಿಗಾಲ ಕಳೆದ ಮೇಲೆ ಅದೇ ಶಾಲೆಯ ಉಗ್ರಾಣದಲ್ಲಿ ದೀಪ ಸಿಕ್ಕಿತು. ಅಂದು ಕಸ ಗುಡಿಸಿದ ಕೆಲಸಗಾರ, ಪೂಜೆಯ ವಸ್ತುವಿರಬೇಕೆಂದು ಗೌರವದಿಂದ ಹೊದಿಕೆ ಸುತ್ತಿ ಮೂಲೆಯಲ್ಲಿಟ್ಟಿದ್ದ. ನಾನು ಟೆಕ್ಸಾಸಿಗೆ ಫೋನು ಮಾಡಿದೆ. ಅವರು ನಕ್ಕು, “ಹೋಗಲಿ ಬಿಡಿ, ಸಿಕ್ಕಿತಲ್ಲ” ಎಂದರು. ಮನೆಯವರಿಗೆ ಕೊಡಿ ಎಂದೆ. ಆಕೆ ಫೋನಿಗೆ ಬರಲಿಲ್ಲ. ಕಪಾಲ ಕಳೆದುಕೊಂಡವನ ತರ್ಕವನ್ನು ಓದುವಾಗಲೆಲ್ಲ ನನಗೆ ಆ ಫೋನಿನ ಮೌನ ನೆನಪಾಗುತ್ತದೆ. ಪಾತ್ರೆಯ ಬಣ್ಣ ಬೇರೆಯೆಂದು ಕಣ್ಣಿಗೆ ಕಂಡರೂ, ಅದು ಬಣ್ಣ ಬದಲಾಯಿಸಿರಬೇಕೆಂದು ವಾದಿಸಿದವರು ನಾವೇ.

ಸಣ್ಣ ಬಳಗಗಳಲ್ಲಿ ಜಗಳ ದೊಡ್ಡದಾಗುತ್ತದೆ. ಊರಿನಲ್ಲಾದರೆ ಒಂದು ಬೀದಿ ಬಿಟ್ಟು ಇನ್ನೊಂದು ಬೀದಿಯಲ್ಲಿ ನಡೆಯಬಹುದು. ಇಲ್ಲಿ ಕನ್ನಡ ಮಾತನಾಡಲು ಇರುವುದೇ ನೂರು ಮನೆ. ಅದರಲ್ಲಿ ಒಂದು ಮನೆಯ ಬಾಗಿಲು ಮುಚ್ಚಿದರೆ ಅಷ್ಟು ಕನ್ನಡ ಕಡಿಮೆಯಾಯಿತೆಂದೇ ಅರ್ಥ. ಪದಾಧಿಕಾರ, ಲೆಕ್ಕಪತ್ರ, ವೇದಿಕೆಯ ಮೇಲೆ ಯಾರಿಗೆ ಯಾವ ಕುರ್ಚಿ ಎಂಬ ಕಪಾಲಗಳಿಗಾಗಿ ಕಾಂಚಿಯ ಬೀದಿಯನ್ನು ನಾವು ಎಷ್ಟು ಬಾರಿ ಇಲ್ಲಿ ಕಟ್ಟಿಲ್ಲ? ತನ್ನನ್ನೂ ತನ್ನವರನ್ನೂ ನೋಡಿ ನಗಬಲ್ಲ ನಾಟಕವು ಅಂಥ ಬಳಗಕ್ಕೆ ಔಷಧವಿದ್ದಂತೆ. ಆದುದರಿಂದ ನನ್ನ ಮತ ‘ಮತ್ತವಿಲಾಸ’ಕ್ಕೆ.

ಆ ಯುಗಾದಿಗೆ ಬಹುಮತ ‘ರತ್ನಾವಳಿ’ಗೇ ಬಿತ್ತೆಂಬುದನ್ನು ಮುಚ್ಚಿಡಲಾರೆ. ನಾಟಕ ಸೊಗಸಾಗಿಯೇ ಆಯಿತು. ಕಪಿಯಾದ ಏಳು ವರ್ಷದ ಬಾಲಕನು ಉದಯನ ಮಹಾರಾಜನಿಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸಿದನು. ಮನೆಯೊಡತಿಯೇ ವಾಸವದತ್ತೆಯಾಗಿದ್ದರು. ಮುಸುಕು ತೆಗೆದು ಅರಸನನ್ನು ಅವರು ನೋಡಿದ ನೋಟಕ್ಕೆ ಸಭೆಯೇ ಒಂದು ಕ್ಷಣ ನಗು ಮರೆಯಿತು. ಅಂದು ನನ್ನ ತಕ್ಕಡಿ ಕೊಂಚ ಅಲುಗಿದ್ದು ನಿಜ. ‘ಮತ್ತವಿಲಾಸ’ವನ್ನು ಮುಂದಿನ ಚಳಿಗಾಲದಲ್ಲಿ, ಅದೇ ಬೇಸ್‌ಮೆಂಟಿನಲ್ಲಿ, ಹನ್ನೆರಡು ಜನ ಕೂತು ಗಟ್ಟಿಯಾಗಿ ಓದಿದೆವು. ಹಿತ್ತಾಳೆ ದೀಪವನ್ನು ಮಧ್ಯದಲ್ಲಿಟ್ಟು ಹಚ್ಚಿದ್ದೆವು. ಹುಚ್ಚನು ನಾಯಿಯ ಸುದ್ದಿ ಹೇಳುವ ಜಾಗಕ್ಕೆ ಬಂದಾಗ ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ದೀಪದ ಕಡೆ ನೋಡಿದರು.

ಎರಡು ವರ್ಷಕ್ಕೊಮ್ಮೆ ಕೂಡುವ ಈ ಸಮ್ಮೇಳನದಲ್ಲಿ ನಮ್ಮ ಮಕ್ಕಳು ಮತ್ತೊಮ್ಮೆ ಪುಲಕೇಶಿಯಾಗಿ ಗೆಲ್ಲಲಿ. ಕರತಾಡನ ಮಾಡುವವರಲ್ಲಿ ನಾನೂ ಇರುತ್ತೇನೆ. ಆದರೆ ನಾಟಕ ಮುಗಿದ ಮೇಲೆ, ಸೋತ ಆ ಇಬ್ಬರನ್ನೂ ಪರದೆಯ ಹಿಂದಿನಿಂದ ಕರೆದು ಸಾಲಿನಲ್ಲಿ ನಿಲ್ಲಿಸಿ. ಕನ್ನಡಕ್ಕೆ ಮೊದಲ ನಾಟಕದ ಬೀಜ ಕೊಟ್ಟವನೊಬ್ಬ. ನಮ್ಮನ್ನು ನಾವು ನೋಡಿ ನಗಲು ಕಲಿಸಬಲ್ಲವನೊಬ್ಬ. ಟೆಕ್ಸಾಸಿನಿಂದ ಬರುವ ಬಂಧುಗಳಲ್ಲಿ ಆ ದಂಪತಿಗಳೂ ಇದ್ದರೆ, ಮುಂದಿನ ಸಾಲಿನ ಎರಡು ಆಸನಗಳನ್ನು ಹಿಡಿದಿಟ್ಟಿರುತ್ತೇನೆ.